ಅಡ್ಡ ನಿಂತದ್ದನ್ನು ನೋಡು, ಮಗು

ಮಗು, ಪ್ರೇಮ ಕಾದಂಬರಿ ಬರೆಯಬೇಕೆಂದು ಹೊರಟಿದ್ದೀಯ. ಬಹಳ ಸಂತೋಷ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ಇದಕ್ಕೆ ನಾಚಿಕೊಳ್ಳಬೇಡ. ಏನು ಬರೆಯುತ್ತಿದ್ದೀಯ ಎಂದು ಕೇಳಿದರೆ "ಏನೋ ಸುಮ್ಮನೆ, ಒಂದು ಲವ್ ಸ್ಟೋರಿ" ಎಂದು ತಲೆ ತಗ್ಗಿಸುವ ಹುಡುಗ ಹುಡುಗಿಯರನ್ನು ಬೇಕಾದಷ್ಟು ನೋಡಿದ್ದೇನೆ. ತಲೆ ಎತ್ತಿಯೇ ಹೇಳು. ಇಬ್ಬರು ಒಬ್ಬರನ್ನೊಬ್ಬರು ಹೇಗೆ ಆರಿಸಿಕೊಳ್ಳುತ್ತಾರೆ, ಅದಕ್ಕೆ ಯಾರು ಬಿಡುತ್ತಾರೆ, ಯಾರು ಬಿಡುವುದಿಲ್ಲ ಎನ್ನುವುದು ನಮ್ಮ ಸಮಾಜದಲ್ಲಿ ಸಣ್ಣ ವಿಷಯವಲ್ಲ. ಜಾತಿ, ಆಸ್ತಿ, ಹೆಣ್ಣಿನ ಮಾನ, ಗಂಡಿನ ಅಹಂಕಾರ ಎಲ್ಲವೂ ಬಂದು ಸೇರುವುದು ಅಲ್ಲಿಯೇ.

ನಮ್ಮ ಕಾಲದಲ್ಲಿ ಇಂಥ ಕಾದಂಬರಿಗಳನ್ನು "ಅಡುಗೆಮನೆ ಸಾಹಿತ್ಯ" ಎಂದು ಮೂಗು ಮುರಿಯುವವರಿದ್ದರು. ಅದೇ ಕಾದಂಬರಿಗಳಿಗಾಗಿ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಹೆಂಗಸರು ಹೆಸರು ಬರೆಸಿ ಕಾಯುತ್ತಿದ್ದರು. ಕೈಯಿಂದ ಕೈಗೆ ಹೋಗಿ ಬಂದ ಆ ಪ್ರತಿಗಳ ಬೆನ್ನು ಹರಿದು, ದಪ್ಪ ರಟ್ಟು ಹಾಕಿ ಹೊಲಿದಿರುತ್ತಿದ್ದರು. ಅಂಚಿನಲ್ಲಿ ಪೆನ್ಸಿಲ್ಲಿನಿಂದ "ಹೀಗೆ ಮಾಡಬಾರದಿತ್ತು" ಎಂದು ನಾಯಕಿಗೆ ಬುದ್ಧಿ ಹೇಳಿದವರೂ ಇದ್ದರು. ಅಷ್ಟು ಮನಸ್ಸಿಟ್ಟು ಓದುವ ಓದುಗರು ಎಲ್ಲ ಬರಹಗಾರರಿಗೂ ಸಿಗುವುದಿಲ್ಲ. ಅವರ ನಂಬಿಕೆಗೆ ಯೋಗ್ಯವಾಗಿ ಬರೆಯಬೇಕು, ಅಷ್ಟೆ.

ನೀನು ಕೇಳಿದ ಮೊದಲ ಪ್ರಶ್ನೆ, ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು. ಹೊಸಬರಲ್ಲಿ ಹೆಚ್ಚಿನವರು ಅದನ್ನು ಪ್ರೀತಿಯಲ್ಲೇ ಹುಡುಕುತ್ತಾರೆ. ಮಳೆ, ಬೆಳದಿಂಗಳು, ಮೊದಲ ನೋಟ, ನಡುಗುವ ಬೆರಳು. ನಾಲ್ಕು ಪುಟಕ್ಕೆ ಅದು ಖಾಲಿಯಾಗುತ್ತದೆ. ಐದನೇ ಪುಟದಲ್ಲಿ ಏನು ಬರೆಯಬೇಕೆಂದು ತೋಚದೆ ಕೈಕಟ್ಟಿ ಕೂರುತ್ತಾರೆ. ಪ್ರೀತಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ತರಹ ಹುಟ್ಟುತ್ತದೆ. ಅದಕ್ಕೆ ಅಡ್ಡ ನಿಲ್ಲುವುದು ಮಾತ್ರ ಮನೆಯಿಂದ ಮನೆಗೆ ಬೇರೆ. ಕಥೆ ಇರುವುದು ಆ ಅಡ್ಡಿಯಲ್ಲಿ. ಅದನ್ನು ನೋಡಲು ಕಲಿ, ಸ್ಫೂರ್ತಿಗೆ ಬರ ಬರುವುದಿಲ್ಲ.

ತ್ರಿವೇಣಿಯವರ ಬೆಳ್ಳಿಮೋಡ ಕಾದಂಬರಿಯನ್ನು ತೆಗೆದುಕೊ. ಶ್ರೀಮಂತ ಮನೆಯ ಒಬ್ಬಳೇ ಮಗಳು ಇಂದಿರಾ. ಅವಳ ಕೈ ಹಿಡಿಯಬೇಕಾದ ಮೋಹನ ಅವಳ ತಂದೆಯ ಹಣದಲ್ಲಿ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ತಡವಾಗಿ ಒಂದು ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದ. ಮೋಹನನ ಪ್ರೀತಿ ತಣ್ಣಗಾಯಿತು. ಇಡೀ ಕಥೆ ತಿರುಗುವುದು ತೊಟ್ಟಿಲಲ್ಲಿ ಮಲಗಿದ ಒಂದು ಕೂಸಿನ ಮೇಲೆ. ಖಳನಾಯಕನಿಲ್ಲ, ಹೊಡೆದಾಟವಿಲ್ಲ. ಆಮೇಲೆ ಅವನು ಪಶ್ಚಾತ್ತಾಪಪಟ್ಟು ಬಂದಾಗ ಇಂದಿರಾ ಒಲ್ಲೆ ಎನ್ನುತ್ತಾಳೆ. ಆ ಒಂದು ನಿರಾಕರಣೆಗೆ ಅಷ್ಟು ತೂಕ ಬಂದದ್ದು ಅದರ ಹಿಂದೆ ಆಸ್ತಿಯ ಲೆಕ್ಕ ಸ್ಪಷ್ಟವಾಗಿ ಇದ್ದುದರಿಂದ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ ಅದು.

ಇಂಗ್ಲೆಂಡಿನ ಜೇನ್ ಆಸ್ಟಿನ್ ಬರೆದ ಪ್ರೈಡ್ ಅಂಡ್ ಪ್ರೆಜುಡಿಸ್ ಕೂಡ ನಿಂತಿರುವುದು ಇಂಥದೇ ಲೆಕ್ಕದ ಮೇಲೆ. ಐವರು ಹೆಣ್ಣುಮಕ್ಕಳ ಮನೆ. ಅಪ್ಪನ ಎಸ್ಟೇಟಿನಿಂದ ವರ್ಷಕ್ಕೆ 2,000 ಪೌಂಡು ಬರುತ್ತದೆ. ಆದರೆ ಆ ಆಸ್ತಿ ಗಂಡು ವಾರಸುದಾರನಿಗೇ ಹೋಗಬೇಕೆಂಬ ಕಟ್ಟು ಇದೆ. ಅಪ್ಪ ಕಣ್ಣು ಮುಚ್ಚಿದರೆ ದೂರದ ನೆಂಟ ಬಂದು ಮನೆಯಿಂದ ಏಳಿಸಬಹುದು. ಅದು ಗೊತ್ತಿದ್ದೂ ಆ ಮನೆಯ ಮಗಳು ಎಲಿಜಬೆತ್ ಮೊದಲು ಆ ನೆಂಟನನ್ನು, ಆಮೇಲೆ ವರ್ಷಕ್ಕೆ 10,000 ಪೌಂಡಿನ ಡಾರ್ಸಿಯನ್ನು ಒಲ್ಲೆ ಎನ್ನುತ್ತಾಳೆ. ಹಣದ ಅಂಕಿ ಗೊತ್ತಿರುವುದರಿಂದಲೇ ಅವಳ ಧೈರ್ಯದ ಅಳತೆ ನಮಗೆ ಸಿಗುತ್ತದೆ. ಮೈಸೂರಿನಲ್ಲಿ ಕೂತು ಬರೆದ ತ್ರಿವೇಣಿಗೂ ಹ್ಯಾಂಪ್‌ಶೈರಿನ ಹಳ್ಳಿಯಲ್ಲಿ ಕೂತು ಬರೆದ ಆಸ್ಟಿನ್‌ಗೂ ಕಂಡ ಸತ್ಯ ಒಂದೇ. ಮನೆಯ ಲೆಕ್ಕಪತ್ರ ಗೊತ್ತಿಲ್ಲದವರು ಪ್ರೇಮಕಥೆ ಬರೆಯಲಾರರು.

ಹಾಗಾದರೆ ನೀನು ಏನು ನೋಡಬೇಕು? ನಿನ್ನ ಸುತ್ತಲಿನದನ್ನೇ ನೋಡು. ಮದ್ದೂರಿನ ಕಡೆಯ ಒಂದು ಹುಡುಗಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾಳೆ ಎಂದಿಟ್ಟುಕೊ. ಕಾರ್ಖಾನೆಯ ವ್ಯಾನು ಓಡಿಸುವ ಹುಡುಗನಿಗೆ ಅವಳ ಮೇಲೆ ಮನಸ್ಸು. "ಅವಳ ನಗು ಬೆಳದಿಂಗಳಂತಿತ್ತು" ಎಂದು ನೀನು ಬರೆದರೆ ಅವಳು ಯಾರು ಬೇಕಾದರೂ ಆಗಬಹುದು. ಅದರ ಬದಲು ಹೀಗೆ ನೋಡು. ಸಂಬಳದ ದಿನ ಅವಳು ತನ್ನೂರಿನ ಸ್ಟಾಪಿನಲ್ಲಿ ಇಳಿಯುವುದಿಲ್ಲ. ಒಂದು ಸ್ಟಾಪು ಮುಂಚೆಯೇ ಇಳಿದು, ಎಟಿಎಂನಲ್ಲಿ ಹಣ ತೆಗೆದು, ಸಂಘದ ಕಂತು ಕಟ್ಟಿ, ಉಳಿದದ್ದರಲ್ಲಿ ಎರಡು ನೋಟನ್ನು ಊಟದ ಡಬ್ಬಿಯ ತಳದಲ್ಲಿಟ್ಟು ಮುಚ್ಚಳ ಒತ್ತುತ್ತಾಳೆ. ಮನೆ ಬಾಗಿಲಲ್ಲಿ ಅಣ್ಣ ಕೈಚಾಚಿ ನಿಂತಿರುತ್ತಾನಲ್ಲ, ಅದಕ್ಕೆ. ವ್ಯಾನಿನ ಹುಡುಗ ಇದನ್ನು ಕನ್ನಡಿಯಲ್ಲಿ ನೋಡಿದ್ದಾನೆ. ಮುಂದಿನ ತಿಂಗಳು ಅವಳು ಬಾಯಿ ಬಿಡುವ ಮೊದಲೇ ಒಂದು ಸ್ಟಾಪು ಮುಂಚೆ ವ್ಯಾನು ನಿಲ್ಲಿಸುತ್ತಾನೆ. ತಿರುಗಿ ನೋಡುವುದಿಲ್ಲ. ಅವಳು ಇಳಿಯುತ್ತಾಳೆ.

ಇಲ್ಲಿ ಪ್ರೀತಿ ಎಂಬ ಪದವೇ ಬಂದಿಲ್ಲ. ಆದರೆ ಅವನಿಗೆ ಅವಳ ಗುಟ್ಟು ಗೊತ್ತಾಯಿತು, ಅವನಿಗೆ ಗೊತ್ತಾಗಿದೆ ಎಂದು ಅವಳಿಗೂ ಗೊತ್ತಾಯಿತು. ಇನ್ನು ಅಣ್ಣ ಏನು ಮಾಡುತ್ತಾನೆ, ವ್ಯಾನಿನ ಸಾಲ ಯಾರ ಹೆಸರಿನಲ್ಲಿದೆ, ಹುಡುಗನ ಮನೆಯವರು ಯಾವ ಜಾತಿಯವರು ಎಂದು ಒಂದೊಂದಾಗಿ ಕೇಳುತ್ತಾ ಹೋಗು. ಅಧ್ಯಾಯಗಳು ತಾವಾಗಿ ಬರುತ್ತವೆ.

ಒಂದು ಎಚ್ಚರಿಕೆ. ಸುತ್ತಲಿನದನ್ನು ನೋಡು ಎಂದರೆ ಪಕ್ಕದ ಮನೆಯ ಹುಡುಗಿ ನಂಬಿ ಹೇಳಿಕೊಂಡದ್ದನ್ನು ಹಾಗೆಯೇ ಎತ್ತಿ ಅಚ್ಚು ಹಾಕಿಸು ಎಂದಲ್ಲ. ನಮ್ಮ ಊರುಗಳಲ್ಲಿ ಹೆಸರು ಬದಲಾಯಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಕಥೆಗೆ ಬೇಕಾದದ್ದು ಆ ಬದುಕಿನ ಗಂಟು ಮಾತ್ರ. ಗಂಟನ್ನು ತೆಗೆದುಕೊ, ಮನುಷ್ಯರನ್ನು ನೀನೇ ಕಟ್ಟು. ನಿನ್ನ ಪುಸ್ತಕದಿಂದ ಯಾರ ಮದುವೆಯೂ ಮುರಿಯಬಾರದು.

ನಿನ್ನ ಎರಡನೇ ಚಿಂತೆ ಸಮಯದ್ದು. ಕೆಲಸ, ಮನೆ, ಓಡಾಟದ ನಡುವೆ ಬರೆಯುವುದು ಯಾವಾಗ ಎಂದೆ. ತೀರ್ಥಹಳ್ಳಿಯ ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಅವರಿಗೆ ಹನ್ನೆರಡನೇ ವಯಸ್ಸಿಗೆ ಮದುವೆಯಾಗಿತ್ತು, ಶಾಲೆ ಅಲ್ಲಿಗೇ ನಿಂತಿತು. ಸಂಸಾರ, ಮಕ್ಕಳು, ಊರಿಂದೂರಿಗೆ ಅಲೆದಾಟ ಇವುಗಳ ನಡುವೆಯೇ ಅವರು ಕಾದಂಬರಿಗೆ ಕೈ ಹಾಕಿದ್ದು ನಲವತ್ತೈದರ ಸುಮಾರಿಗೆ. ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಪರಿಚಯವಾಗಿ, ಅವರ ಮೆಚ್ಚುಗೆ ಇವರಿಗೆ ಬಲ ಕೊಟ್ಟಿತು. ಮೊದಲ ಕಾದಂಬರಿ ತುಂಗಭದ್ರ ಬಂದದ್ದು 1963ರಲ್ಲಿ. ಆಮೇಲೆ ಗೆಜ್ಜೆಪೂಜೆ, ಫಣಿಯಮ್ಮ. ಅದೇ 1963ರ ಜುಲೈನಲ್ಲಿ, 35 ತುಂಬುವ ಮೊದಲೇ, ಹೆರಿಗೆಯ ಬೆನ್ನಲ್ಲೇ ತ್ರಿವೇಣಿ ತೀರಿಕೊಂಡರು. ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಅವರು ಬರೆದಿಟ್ಟದ್ದು ಇಪ್ಪತ್ತರಷ್ಟು ಕಾದಂಬರಿ. ಒಬ್ಬರು ತಡವಾಗಿ ಶುರು ಮಾಡಿದರು, ಇನ್ನೊಬ್ಬರಿಗೆ ಕಾಲ ಬಹಳ ಸಿಗಲಿಲ್ಲ. ಇಬ್ಬರೂ ಬಿಡುವಿಗಾಗಿ ಕಾಯಲಿಲ್ಲ. ನೀನೂ ಕಾಯಬೇಡ. ದಿನಕ್ಕೆ ಒಂದು ಪುಟವಾದರೂ ಸರಿ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕೂತು ಬರೆ.

ತ್ರಿವೇಣಿಯವರಿಂದ ಕಲಿಯುವುದು ಇನ್ನೂ ಒಂದಿದೆ. ಅವರು ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ಆ ಓದು ಬೆಕ್ಕಿನ ಕಣ್ಣು, ಶರಪಂಜರದಂಥ ಕಾದಂಬರಿಗಳಿಗೆ ಬೆನ್ನೆಲುಬಾಯಿತು. ಬಾಣಂತನದ ನಂತರ ಮನಸ್ಸು ಕೆಟ್ಟ ಹೆಣ್ಣನ್ನು ಮನೆಯವರೇ ಹುಚ್ಚಿ ಎಂದು ದೂರವಿಡುತ್ತಿದ್ದ ಕಾಲದಲ್ಲಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಗಂಡ, ನೆರೆಹೊರೆ, ನೆಂಟರು ಹೇಗೆ ನಡೆಸಿಕೊಂಡರು ಎಂದು ಅವರು ಬರೆದರು. ನೀನು ಏನು ಓದಿದ್ದೀಯೋ, ಯಾವ ಕೆಲಸ ಮಾಡುತ್ತೀಯೋ ಅದೇ ನಿನ್ನ ಬಂಡವಾಳ. ನರ್ಸಿಂಗ್ ಓದಿದವಳಿಗೆ ರಾತ್ರಿ ಪಾಳಿಯ ವಾರ್ಡು ಗೊತ್ತು, ಬ್ಯಾಂಕಿನವನಿಗೆ ಜಾಮೀನು ಹಾಕಿ ಸಿಕ್ಕಿಬಿದ್ದವರ ಪಾಡು ಗೊತ್ತು. ಅದನ್ನು ಬಿಟ್ಟು ಕಾಣದ ಊರಿನ ಬಂಗಲೆ, ಕಾಣದ ಕಾರು ಬರೆಯಲು ಹೋಗಬೇಡ.

ಮೊದಲ ಕರಡು ಮುಗಿದ ಮೇಲೆ ಒಂದು ತಿಂಗಳು ಅದನ್ನು ಮುಟ್ಟಬೇಡ. ಆಮೇಲೆ ಜೋರಾಗಿ ಓದು. ಮಾತುಕತೆಯಲ್ಲಿ ನಿನ್ನ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಪಾತ್ರ ಮಾತಾಡುತ್ತಿಲ್ಲ, ನೀನು ಮಾತಾಡುತ್ತಿದ್ದೀಯ ಎಂದು ಅರ್ಥ. ಹಾಸನದ ಅತ್ತೆಯೂ ಗದಗಿನ ಸೊಸೆಯೂ ಒಂದೇ ಕನ್ನಡ ಆಡಬಾರದು. ಕಣ್ಣೀರು ಎಷ್ಟು ಸಲ ಬಂದಿದೆ ಎಂದು ಎಣಿಸು, ಮುಕ್ಕಾಲು ಪಾಲು ತೆಗೆದುಹಾಕು. ಉಳಿದ ಕಾಲು ಪಾಲು ಓದುಗರನ್ನು ಅಳಿಸುತ್ತದೆ.

ಇನ್ನು ಪ್ರಕಟಣೆಯ ವಿಷಯ. ಇಲ್ಲಿಯೂ ನಾನು ಹೇಳುವುದು ಅದೇ ಮಾತು: ಅಡ್ಡ ಏನಿದೆ ಎಂದು ಕಣ್ಣು ಬಿಟ್ಟು ನೋಡು. ಆಸ್ಟಿನ್ ನಡೆದ ದಾರಿಯನ್ನು ವಿವರವಾಗಿಯೇ ಹೇಳುತ್ತೇನೆ, ಅದರಲ್ಲಿ ಎಲ್ಲ ಪಾಠವೂ ಇದೆ.

ಇಪ್ಪತ್ತೊಂದರ ವಯಸ್ಸಿನಲ್ಲಿ ಅವಳು ಒಂದು ಕಾದಂಬರಿ ಮುಗಿಸಿದಳು. 1797ರಲ್ಲಿ ಅವಳ ತಂದೆ ಲಂಡನ್ನಿನ ಒಬ್ಬ ಪ್ರಕಾಶಕನಿಗೆ ಪತ್ರ ಬರೆದರು. ಹಸ್ತಪ್ರತಿ ನೋಡುವುದಕ್ಕೂ ಒಪ್ಪದೆ, ಬೇಡವೆಂಬ ಉತ್ತರ ಮರುಟಪಾಲಿನಲ್ಲೇ ಬಂತು. 1803ರಲ್ಲಿ ಇನ್ನೊಂದು ಕಾದಂಬರಿಯನ್ನು ಬೇರೊಬ್ಬ ಪ್ರಕಾಶಕನಿಗೆ 10 ಪೌಂಡಿಗೆ ಮಾರಿದಳು. ಅವನು ಹಣ ಕೊಟ್ಟ, ಜಾಹೀರಾತನ್ನೂ ಹಾಕಿದ, ಪುಸ್ತಕ ಮಾತ್ರ ಅಚ್ಚು ಮಾಡಲಿಲ್ಲ. 1809ರಲ್ಲಿ ಪತ್ರ ಬರೆದು ಕೇಳಿದರೆ, ಅದೇ 10 ಪೌಂಡು ವಾಪಸು ಕೊಟ್ಟು ಹಸ್ತಪ್ರತಿ ಬಿಡಿಸಿಕೊಂಡು ಹೋಗು ಎಂದ. ಅದನ್ನು ಬಿಡಿಸಿಕೊಂಡದ್ದು 1816ರಲ್ಲಿ. ನಾರ್ತ್ಯಾಂಗರ್ ಅಬಿ ಎಂಬ ಹೆಸರಿನಲ್ಲಿ ಅದು ಹೊರಬಂದಾಗ ಆಸ್ಟಿನ್ ಬದುಕಿರಲಿಲ್ಲ. 1817ರ ಜುಲೈನಲ್ಲಿ 41ನೇ ವಯಸ್ಸಿಗೆ ತೀರಿಕೊಂಡಿದ್ದಳು.

ಅವಳ ಮೊದಲ ಮುದ್ರಿತ ಪುಸ್ತಕ ಸೆನ್ಸ್ ಅಂಡ್ ಸೆನ್ಸಿಬಿಲಿಟಿ, 1811ರಲ್ಲಿ ಬಂತು. ನಷ್ಟವಾದರೆ ತನ್ನದೇ ಎಂಬ ಕರಾರಿನ ಮೇಲೆ ಅಚ್ಚಾಯಿತು. ಹೆಸರಿನ ಜಾಗದಲ್ಲಿ ಒಬ್ಬ ಮಹಿಳೆ ಎಂದಷ್ಟೇ ಇತ್ತು. ಪ್ರತಿಗಳೆಲ್ಲ ಖರ್ಚಾಗಿ ಅವಳಿಗೆ 140 ಪೌಂಡು ಲಾಭ ಬಂತು. ಮುಂದೆ, ಮರುಟಪಾಲಿನಲ್ಲಿ ತಿರಸ್ಕೃತವಾದ ಆ ಹಳೆಯ ಕಾದಂಬರಿಯನ್ನೇ ತಿದ್ದಿ ಬರೆದಳು. ಅದೇ ಪ್ರೈಡ್ ಅಂಡ್ ಪ್ರೆಜುಡಿಸ್. ಈ ಸಲ ಅಪಾಯ ಬೇಡವೆಂದು ಹಕ್ಕನ್ನೇ ಒಟ್ಟಿಗೆ ಮಾರಿಬಿಟ್ಟಳು. ಕೇಳಿದ್ದು 150 ಪೌಂಡು, ಸಿಕ್ಕಿದ್ದು 110. 1813ರ ಜನವರಿಯಲ್ಲಿ ಪುಸ್ತಕ ಬಂತು, ಅದೇ ವರ್ಷ ಎರಡನೇ ಮುದ್ರಣವಾಯಿತು. ಆ ಮುದ್ರಣದ ಒಂದು ಪೆನ್ನಿಯೂ ಅವಳಿಗೆ ಬರಲಿಲ್ಲ.

ಇದರಿಂದ ಎರಡು ವಿಷಯ ಕಲಿ. ತಿರಸ್ಕಾರ ಕಡೆಯ ತೀರ್ಪಲ್ಲ. 1797ರಲ್ಲಿ ಬೇಡವಾದದ್ದು 1813ರಲ್ಲಿ ಬೇಕಾಯಿತು. ಆದರೆ ನಡುವಿನ ಹದಿನಾರು ವರ್ಷ ಅವಳು ಸುಮ್ಮನೆ ಕೂತಿರಲಿಲ್ಲ, ತಿದ್ದಿದಳು. ಎರಡನೆಯದು, ಹಕ್ಕನ್ನು ಅವಸರದಲ್ಲಿ ಬಿಟ್ಟುಕೊಡಬೇಡ.

ಆಸ್ಟಿನ್‌ಗೆ ಇದ್ದುದಕ್ಕಿಂತ ಗಟ್ಟಿಯಾದ ಕಾನೂನಿನ ಆಸರೆ ನಿನಗಿದೆ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಜೀವಮಾನ, ಅವರು ತೀರಿದ ಮೇಲೆ ಮತ್ತೆ 60 ವರ್ಷ ಕೃತಿಯ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕು 2023ರ ಕೊನೆಯ ತನಕ ಇತ್ತು ಎಂದರೆ ಎಷ್ಟು ಉದ್ದದ ಆಸ್ತಿ ಇದು ಎಂದು ನೀನೇ ಯೋಚಿಸು. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ನಿನ್ನ ಸಹಿ ಇರಬೇಕು, ಬಾಯಿಮಾತು ನಡೆಯುವುದಿಲ್ಲ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಪಡೆದವರು ಒಂದು ವರ್ಷದೊಳಗೆ ಬಳಸದ ಹಕ್ಕಿನ ವರ್ಗಾವಣೆ ರದ್ದಾಗಿ, ಅದು ನಿನಗೇ ವಾಪಸು ಬರುತ್ತದೆ. ಇವೆಲ್ಲ ಆ ಕಾಯ್ದೆಯ 19ನೇ ಕಲಮಿನಲ್ಲಿವೆ, ಒಮ್ಮೆ ಓದು. ಪುಸ್ತಕ, ಧಾರಾವಾಹಿ, ಅನುವಾದ, ಆಡಿಯೊ, ಸಿನಿಮಾ ಬೇರೆ ಬೇರೆ ಹಕ್ಕುಗಳು. "ಸರ್ವಹಕ್ಕುಗಳನ್ನೂ ವಹಿಸಿಕೊಟ್ಟಿದ್ದೇನೆ" ಎಂಬ ಒಂದು ಸಾಲು ಕಂಡರೆ ಪೆನ್ನು ಕೆಳಗಿಟ್ಟು ಕೇಳು.

ಈಗ ನಮ್ಮ ಕನ್ನಡದ ದಾರಿಗಳು. ಸುಧಾ, ತರಂಗದಂಥ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾಗುವುದು ನಮ್ಮ ಹಳೆಯ ಹೆದ್ದಾರಿ. ಈಗ ಅದು ಕಿರಿದಾಗಿದೆ, ಮುಚ್ಚಿಲ್ಲ. ಮೊದಲು ಸಣ್ಣಕಥೆ ಬರೆದು ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯಂಥ ಕಡೆ ಕಳಿಸು. ಒಂದು ಬಹುಮಾನ ಬಂದರೆ ಪ್ರಕಾಶಕರ ಬಾಗಿಲು ಅರ್ಧ ತೆರೆದಂತೆ. ಬೆಂಗಳೂರಿನಲ್ಲೇ ಹುಟ್ಟಿದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕಿ ಓದುಗರನ್ನು ಕಟ್ಟಿಕೊಂಡವರೂ ಇದ್ದಾರೆ. ಅಲ್ಲಿ ಓದುಗರು ಮಾರನೇ ದಿನವೇ ಉತ್ತರ ಹೇಳುತ್ತಾರೆ, ಅದು ಒಳ್ಳೆಯ ಶಾಲೆ. ಆದರೆ ಅವರ ಷರತ್ತನ್ನೂ ಓದು. ಒಮ್ಮೆ ಆ್ಯಪ್‌ನಲ್ಲಿ ಬಂದದ್ದನ್ನು ಅಪ್ರಕಟಿತ ಎಂದು ಸ್ಪರ್ಧೆಗೆ ಕಳಿಸಬೇಡ.

ಪ್ರಕಾಶಕರಿಗೆ ಬರೆಯುವಾಗ ಅವರು ಈಗಾಗಲೇ ಏನು ಹೊರತಂದಿದ್ದಾರೆ ಎಂದು ನೋಡಿ ಬರೆ. ಒಂದು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ, ನಿನ್ನ ಬಗ್ಗೆ ನಾಲ್ಕು ಸಾಲು ಸಾಕು. ಉತ್ತರಕ್ಕೆ ಮೂರು ತಿಂಗಳು ಕೊಟ್ಟು, ಆಮೇಲೆ ಮರ್ಯಾದೆಯಾಗಿ ವಿಚಾರಿಸು. ಪುಸ್ತಕ ಒಪ್ಪಿಕೊಂಡರೆ ಬಾಯಿ ಬಿಟ್ಟು ಕೇಳಬೇಕಾದ್ದು ಇಷ್ಟು: ಎಷ್ಟು ಪ್ರತಿ ಹಾಕುತ್ತೀರಿ, ಗೌರವಧನ ಎಷ್ಟು, ಯಾವಾಗ ಕೊಡುತ್ತೀರಿ, ಗೌರವ ಪ್ರತಿ ಎಷ್ಟು. ಮುಖಬೆಲೆಯ ಶೇಕಡಾ 10ರಷ್ಟು ಕೊಡುವುದು ನಮ್ಮಲ್ಲಿ ವಾಡಿಕೆ. ಹಣದ ಬದಲು ಪುಸ್ತಕವನ್ನೇ ಕೊಡುವವರೂ ಇದ್ದಾರೆ. ಹೊಸಬರೆಂದು ಸಂಕೋಚಪಟ್ಟು ಕೇಳದೆ ಉಳಿಯಬೇಡ. ಪ್ರಾಮಾಣಿಕ ಪ್ರಕಾಶಕರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ. ಅವರ ಕಷ್ಟವನ್ನೂ ತಿಳಿದುಕೊ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ತಡವಾದರೆ ಎಷ್ಟೋ ಸಣ್ಣ ಪ್ರಕಾಶನಗಳ ಉಸಿರು ಸಿಕ್ಕಿಕೊಳ್ಳುತ್ತದೆ.

ನೀನೇ ಹಣ ಹಾಕಿ ಅಚ್ಚು ಹಾಕಿಸುವುದೂ ಅವಮಾನವಲ್ಲ. ಬಾಲ್ಯದಲ್ಲೇ ವಿಧವೆಯಾದ ನಂಜನಗೂಡಿನ ತಿರುಮಲಾಂಬ ಸತೀಹಿತೈಷಿಣಿ ಎಂಬ ಗ್ರಂಥಮಾಲೆಯನ್ನು ತಾವೇ ಶುರು ಮಾಡಿ, 1913ರಲ್ಲಿ ಸುಶೀಲೆ ಕಾದಂಬರಿಯನ್ನು ಹೊರತಂದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಹಾಗೆ ಮಾಡುವುದಾದರೆ ಲೆಕ್ಕ ಸರಿಯಾಗಿ ಹಾಕು. ಡೆಮಿ 1/8 ಆಕಾರದಲ್ಲಿ ಒಂದು ಫಾರಂಗೆ 16 ಪುಟ. ಹತ್ತು ಫಾರಂಗೆ ಒಂದು ಪುಟ ಹೆಚ್ಚಾದರೂ ಖರ್ಚು ಏರುತ್ತದೆ. ಡಿಟಿಪಿ, ಮುಖಪುಟ, ಕಾಗದ, ಬೈಂಡಿಂಗ್ ಪ್ರತಿಯೊಂದಕ್ಕೂ ಬೇರೆ ಬೇರೆ ದರ ಕೇಳು. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಅದಕ್ಕೆ ಯಾರಿಗೂ ಸಾವಿರಗಟ್ಟಲೆ ತೆರಬೇಡ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯಿದೆ, ಅರ್ಜಿ ಕರೆದಾಗ ಹಾಕು.

ಯಾವ ದಾರಿ ಹಿಡಿದರೂ ಕರಡು ತಿದ್ದುವುದನ್ನು ಬೇರೆಯವರಿಗೆ ಬಿಡಬೇಡ. ಹಳೆಯ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹಾರಿ ಕೂತಿರುತ್ತವೆ. ನಾಯಕಿಯ ಹೆಸರೇ ಮೂರು ತರಹ ಅಚ್ಚಾದರೆ ಓದುಗರಿಗೆ ನಿನ್ನ ಮೇಲಿನ ನಂಬಿಕೆ ಅಲ್ಲಿಗೇ ಹೋಯಿತು. ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು, ಒಂದು ಸಲ ಅರ್ಥಕ್ಕಾಗಿ, ಇನ್ನೊಂದು ಸಲ ಅಕ್ಷರಕ್ಕಾಗಿ ಓದು.

ಪುಸ್ತಕ ಬಂದ ಮೇಲೆ ಹೊಗಳುವವರೂ ಇರುತ್ತಾರೆ, ತೆಗಳುವವರೂ ಇರುತ್ತಾರೆ. ಇಬ್ಬರಲ್ಲಿ ಪೂರ್ತಿ ಓದಿದವರು ಯಾರೋ ಅವರ ಮಾತು ಕೇಳು. ಮತ್ತೆ ಎರಡನೇ ಕಾದಂಬರಿಗೆ ಕೂರು.

ಕೊನೆಗೆ ನಿನ್ನಲ್ಲಿ ನನ್ನದೊಂದು ಬೇಡಿಕೆ. ನಿನ್ನ ಕಥೆಯಲ್ಲಿ ಪ್ರೀತಿ ಗೆಲ್ಲಲಿ, ಸೋಲಲಿ, ಅದು ಕಥೆಗೆ ಬಿಟ್ಟದ್ದು. ಆದರೆ ಅದಕ್ಕೆ ಅಡ್ಡ ನಿಂತದ್ದರ ಹೆಸರನ್ನು ಮರೆಮಾಚಬೇಡ. ಜಾತಿಯಾದರೆ ಜಾತಿ ಎಂದು ಬರೆ, ಹಣವಾದರೆ ಹಣ ಎಂದು ಬರೆ, ಹುಡುಗನ ಹೇಡಿತನವಾದರೆ ಅದನ್ನೇ ಬರೆ. ಓದಿದ ಯಾವುದೋ ಮನೆಯ ಹುಡುಗಿಗೆ ತನ್ನ ದಾರಿಗೆ ಅಡ್ಡ ನಿಂತದ್ದು ಏನು ಎಂದು ಕಾಣುವಂತಾದರೆ ನಿನ್ನ ಕಾದಂಬರಿ ಸಾರ್ಥಕ. ಇವತ್ತೇ ಮೊದಲ ಪುಟಕ್ಕೆ ಕೂರು.